ಸಿಆರ್‌ಪಿ ಎಷ್ಟಿದ್ದರೆ ಟ್ರಾನ್ಸ್‌ಫರ್ ಮಾಡಿಸಬಹುದು? ಐವಿಎಫ್ ಚಾಟ್ ಗುಂಪಿನಲ್ಲಿ ಡಾಕ್ಟರ್ ಜೊತೆ ಪ್ರಶ್ನೋತ್ತರ

ಡಾಕ್ಟರ್ (ಬಂಜೆತನ ಚಿಕಿತ್ಸಾ ತಜ್ಞೆ): ಇವತ್ತು ಉರಿಯೂತದ ರಕ್ತಪರೀಕ್ಷೆ ಮತ್ತು ಐವಿಎಫ್ ಬಗ್ಗೆ ಮಾತ್ರ ಕೇಳಿ. ಸಿಆರ್‌ಪಿ ಅಂದರೆ ಉರಿಯೂತ ಇದ್ದಾಗ ರಕ್ತದಲ್ಲಿ ಏರುವ ಪ್ರೋಟೀನ್, ಟ್ರಾನ್ಸ್‌ಫರ್ ಅಂದರೆ ಲ್ಯಾಬ್‌ನಲ್ಲಿ ಬೆಳೆಸಿದ ಭ್ರೂಣವನ್ನು ಗರ್ಭಕೋಶಕ್ಕೆ ಹಾಕುವುದು. ಕೇಳುವಾಗ ಅಂಕಿಯ ಪಕ್ಕದ ಯೂನಿಟ್, ರಕ್ತ ಕೊಟ್ಟ ದಿನ, ಆಗ ನುಂಗುತ್ತಿದ್ದ ಮಾತ್ರೆ, ಮೂರನ್ನೂ ಬರೆಯಿರಿ. ಬರೀ "ಸಿಆರ್‌ಪಿ ಜಾಸ್ತಿ ಬಂದಿದೆ" ಅಂದರೆ ಹೇಳುವುದಕ್ಕೆ ನನ್ನ ಹತ್ತಿರ ಏನೂ ಇರುವುದಿಲ್ಲ.

ಹಾಸನದ ಸದಸ್ಯೆ: ಮೇಡಂ, ಹೋದ ತಿಂಗಳು ಸಿಆರ್‌ಪಿ 0.6 ಇತ್ತು, ಈಗ ಬೇರೆ ಲ್ಯಾಬ್‌ನಲ್ಲಿ 6.2. ಹತ್ತು ಪಟ್ಟು ಏರಿದೆ. ಎರಡು ಸಲವೂ ಸೈಕಲ್‌ಗೆ ಮುಂಚೆ ಕೊಡುವ ಒಸಿ (ಗರ್ಭನಿರೋಧಕ) ಮಾತ್ರೆ ತಗೊಳ್ತಿದ್ದೆ. ಶೀತ, ಜ್ವರ ಇರಲಿಲ್ಲ.

ಡಾಕ್ಟರ್: ಏರಿಲ್ಲ. ಮೊದಲ ರಿಪೋರ್ಟಿನಲ್ಲಿ ಡೆಸಿಲೀಟರಿಗೆ ಇಷ್ಟು ಮಿಲಿಗ್ರಾಂ ಅಂತ ಇರುತ್ತದೆ, ಎರಡನೆಯದರಲ್ಲಿ ಲೀಟರಿಗೆ. ಮೊದಲನೆಯದನ್ನು ಹತ್ತರಿಂದ ಗುಣಿಸಿ, 6 ಬಂತಲ್ಲ. ಇನ್ನೊಂದು, ಒಸಿ ಮಾತ್ರೆಯಲ್ಲಿರುವಂತೆ ಬಾಯಿಯಿಂದ ತೆಗೆದುಕೊಳ್ಳುವ ಈಸ್ಟ್ರೋಜನ್ ಹಾರ್ಮೋನ್ ಸೀದಾ ಲಿವರ್‌ಗೆ ಹೋಗುತ್ತದೆ. ಸಿಆರ್‌ಪಿ ತಯಾರಾಗುವುದೂ ಅಲ್ಲೇ. ಮೈಯಲ್ಲಿ ಎಲ್ಲೂ ಉರಿಯೂತ ಇಲ್ಲದೆಯೂ ಒಸಿ ಮಾತ್ರೆಯಿಂದ ಅಂಕಿ ಮೇಲಕ್ಕೆ ಹೋಗುತ್ತದೆ. ತೂಕ ಜಾಸ್ತಿ ಇದ್ದರೂ ಅಷ್ಟೇ, ಒಸಡಿನ ಕಾಯಿಲೆ ಇದ್ದರೂ ಅಷ್ಟೇ. ಹಲ್ಲಿನ ಡಾಕ್ಟರ ಹತ್ತಿರ ಹೋಗಿ ಎಷ್ಟು ವರ್ಷ ಆಯ್ತು?

ಹುಬ್ಬಳ್ಳಿ ಸದಸ್ಯ: ಮೇಡಂ ರೀ, ನಮ್ಮ ಮನಿಯವ್ರದು ಇಎಸ್‌ಆರ್ 38 ಬಂದೈತ್ರೀ. ವಯಸ್ಸು 34, ಹಿಮೋಗ್ಲೋಬಿನ್ 9.1. ಸೆಂಟರ್‌ನ್ಯಾಗ ಏನೂ ಹೇಳವಲ್ರು.

ಡಾಕ್ಟರ್: ಇಎಸ್‌ಆರ್ ಅಂದರೆ ಟ್ಯೂಬಿನಲ್ಲಿ ಕೆಂಪು ರಕ್ತಕಣ ಕೆಳಗಿಳಿಯುವ ವೇಗ, ಉರಿಯೂತದಲ್ಲಿ ಏರುತ್ತದೆ. ಹೆಂಗಸರ ವಯಸ್ಸಿಗೆ 10 ಕೂಡಿಸಿ ಎರಡರಿಂದ ಭಾಗಿಸಿದರೆ ಇಎಸ್‌ಆರ್‌ನ ಅಂದಾಜು ಮಿತಿ. ಇವರಿಗೆ 22. ಆದರೆ ರಕ್ತ ಕಡಿಮೆ ಇದ್ದರೂ ಇಎಸ್‌ಆರ್ ಏರುತ್ತದೆ. ಮೊದಲು ಹಿಮೋಗ್ಲೋಬಿನ್ ಸರಿ ಮಾಡಿ. ಕಬ್ಬಿಣಾಂಶಕ್ಕೆ ಫೆರಿಟಿನ್ (ದೇಹದಲ್ಲಿ ಕೂಡಿಟ್ಟ ಕಬ್ಬಿಣ ತೋರಿಸುವ ಪರೀಕ್ಷೆ) ಒಂದನ್ನೇ ನಂಬಬೇಡಿ. ಉರಿಯೂತ ಇದ್ದರೆ ಅದೂ ಸುಳ್ಳೇ ಏರಿ ಕೊರತೆಯನ್ನು ಮುಚ್ಚಿಡುತ್ತದೆ. ಜೊತೆಗೆ ಟ್ರಾನ್ಸ್‌ಫೆರಿನ್ ಸ್ಯಾಚುರೇಷನ್ (ರಕ್ತದಲ್ಲಿ ಕಬ್ಬಿಣ ಹೊರುವ ಪ್ರೋಟೀನ್ ಎಷ್ಟು ತುಂಬಿದೆ ಅನ್ನುವ ಪರೀಕ್ಷೆ) ಮಾಡಿಸಿ.

ಮೈಸೂರಿನ ಲ್ಯಾಬ್ ಟೆಕ್ನಿಷಿಯನ್: ಒಂದು ಮಾತು ಸೇರಿಸ್ತೀನಿ ಮೇಡಂ. ಇಎಸ್‌ಆರ್‌ನ ಕಪ್ಪು ಮುಚ್ಚಳದ ಸಿಟ್ರೇಟ್ (ರಕ್ತ ಹೆಪ್ಪುಗಟ್ಟದಂತೆ ತಡೆಯುವ ದ್ರವ) ಟ್ಯೂಬಿಗೆ ರಕ್ತ ಗೆರೆ ತನಕ ತುಂಬಬೇಕು, ನಾಲ್ಕು ಪಾಲು ರಕ್ತಕ್ಕೆ ಒಂದು ಪಾಲು ಸಿಟ್ರೇಟ್. ಫ್ರಿಜ್‌ನಲ್ಲಿಡದ ಸ್ಯಾಂಪಲ್‌ಗೆ ನಾಲ್ಕು ಗಂಟೆಯೊಳಗೆ ಇಎಸ್‌ಆರ್ ಹಾಕಬೇಕು. ಸ್ಟ್ಯಾಂಡಿನಲ್ಲಿ ಟ್ಯೂಬ್ ಸ್ವಲ್ಪ ವಾಲಿದ್ರೂ ಅಂಕಿ ಸುಳ್ಳೇ ಏರುತ್ತೆ. ಪಕ್ಕದಲ್ಲೇ ಸೆಂಟ್ರಿಫ್ಯೂಜ್ (ರಕ್ತ ಗಿರಗಿರ ತಿರುಗಿಸುವ ಯಂತ್ರ) ಅದುರ್ತಿದ್ರೂ ತೊಂದರೆ.

ತುಮಕೂರು ಸದಸ್ಯೆ: ಫಾರ್ವರ್ಡ್ ಬಂದಿದ್ದು, ಎಲ್ಲರಿಗೂ ಉಪಯೋಗ ಆಗ್ಲಿ ಅಂತ. "ಅಮೃತಬಳ್ಳಿ, ಅರಿಶಿನ, ಕಾಳುಮೆಣಸಿನ ಕಷಾಯ 21 ದಿನ ಖಾಲಿ ಹೊಟ್ಟೆಗೆ. ಸಿಆರ್‌ಪಿ ಸೊನ್ನೆ. ಗರ್ಭ ನಿಲ್ಲುವುದು ಖಚಿತ." 🙏

ಡಾಕ್ಟರ್: ಸಾರಿಗೆ ಹಾಕುವ ಅರಿಶಿನದ ತಂಟೆಗೆ ನಾನು ಬರುವುದಿಲ್ಲ. ದಿನಾ ಅಮೃತಬಳ್ಳಿ ಕಷಾಯ ಕುಡಿದು ಲಿವರ್ ಊದಿಸಿಕೊಂಡವರ ವರದಿಗಳು ನಮ್ಮ ದೇಶದಿಂದಲೇ ಬಂದಿವೆ. ಮೆಣಸಿನ ಸಾರ ಸೇರಿಸಿದ ಅರಿಶಿನದ ಕ್ಯಾಪ್ಸೂಲ್‌ಗೂ ಇದೇ ದೂರಿದೆ. ಸಿಆರ್‌ಪಿ ಸೊನ್ನೆ ಆಗಬೇಕಾಗಿಯೂ ಇಲ್ಲ. ಇನ್ನೊಂದು ಇಂಥ ಫಾರ್ವರ್ಡ್ ಬಂದರೆ ಅಡ್ಮಿನ್‌ಗೆ ಹೇಳುತ್ತೇನೆ.

ಬೆಂಗಳೂರು ಸದಸ್ಯ: ಡಾಕ್ಟರ್, ಎನ್‌ಎಲ್‌ಆರ್ (ಎರಡು ಬಗೆಯ ಬಿಳಿ ರಕ್ತಕಣಗಳ ಅನುಪಾತ) ಬಗ್ಗೆ. ಸಿಬಿಸಿಯಲ್ಲಿ (ರಕ್ತಕಣಗಳ ಎಣಿಕೆ) ನ್ಯೂಟ್ರೋಫಿಲ್ 72, ಲಿಂಫೋಸೈಟ್ 20, ಅಂದರೆ 3.6. ಇದು ಹೆಚ್ಚಿದ್ದರೆ ಭ್ರೂಣ ಕಚ್ಚಿಕೊಳ್ಳುವುದಿಲ್ಲ ಅಂತ ಪೇಪರ್‌ಗಳಿವೆ. ಪ್ರೆಡ್ನಿಸೋಲೋನ್ (ಸ್ಟೀರಾಯ್ಡ್ ಮಾತ್ರೆ) ಈಗಾಗಲೇ ನಡೀತಿದೆ. ಇಂಟ್ರಾಲಿಪಿಡ್ (ಕೊಬ್ಬಿನ ಡ್ರಿಪ್) ಕೂಡ ಹಾಕಿಸಬೇಕಾ?

ಡಾಕ್ಟರ್: ಪ್ರೆಡ್ನಿಸೋಲೋನ್ ತಾನೇ ನ್ಯೂಟ್ರೋಫಿಲ್ ಏರಿಸಿ ಲಿಂಫೋಸೈಟ್ ಇಳಿಸುತ್ತದೆ. ಮಾತ್ರೆಯ ಪರಿಣಾಮವನ್ನು ಅಳೆದು, ಅದಕ್ಕೆ ಇನ್ನೊಂದು ಔಷಧಿ ಕೇಳುತ್ತಿದ್ದೀರಿ. ಆ ಪೇಪರ್‌ಗಳಲ್ಲಿ ಹೆಚ್ಚಿನವು ಹಳೆಯ ಫೈಲ್ ತೆಗೆದು ಲೆಕ್ಕ ಹಾಕಿದವು, ಒಂದೊಂದರದು ಒಂದೊಂದು ಕಟ್-ಆಫ್. ಇಂಟ್ರಾಲಿಪಿಡ್, ಐವಿಐಜಿ (ಪ್ರತಿಕಾಯಗಳ ಡ್ರಿಪ್) ವಾಡಿಕೆಯಾಗಿ ಕೊಡಬಾರದು ಅಂತ ಯುರೋಪಿನ ಬಂಜೆತನ ತಜ್ಞರ ಸಂಘ ಎಶ್ರೆ 2023ರಲ್ಲೇ ಹೇಳಿದೆ.

ಬೆಂಗಳೂರು ಸದಸ್ಯ: ಹಾಗಾದರೆ ಆಸ್ಪಿರಿನ್? ಅಮೆರಿಕದ ಈಗರ್ ಟ್ರಯಲ್‌ನಲ್ಲಿ ಸಿಆರ್‌ಪಿ ಲೀಟರಿಗೆ 1.95 ಮಿಲಿಗ್ರಾಂ ದಾಟಿದವರಲ್ಲಿ ಹೆರಿಗೆ ಶೇ. 44ರಿಂದ 59ಕ್ಕೆ ಏರಿದೆಯಲ್ಲ.

ಡಾಕ್ಟರ್: ಪೂರ್ತಿ ಓದಿ. ಅಲ್ಲಿದ್ದ 1,228 ಮಂದಿಯೂ ಮೊದಲು ಗರ್ಭ ಕಳೆದುಕೊಂಡು, ಸಹಜವಾಗಿ ಪ್ರಯತ್ನಿಸುತ್ತಿದ್ದವರು. ಐವಿಎಫ್‌ನವರಲ್ಲ. ಒಟ್ಟು ಗುಂಪಿನಲ್ಲಿ 81 ಮಿಲಿಗ್ರಾಂ ಆಸ್ಪಿರಿನ್‌ನಿಂದ ಹೆರಿಗೆ ಹೆಚ್ಚಲಿಲ್ಲ. ನೀವು ಹೇಳಿದ್ದು ಒಂದು ಉಪಗುಂಪಿನ ಲೆಕ್ಕ. ಕುತೂಹಲ ಹುಟ್ಟಿಸುತ್ತದೆ, ಒಪ್ಪುತ್ತೇನೆ. ಆದರೆ ಎಗ್ ಪಿಕಪ್‌ನಲ್ಲಿ ಮೊಟ್ಟೆ ಹೊರತೆಗೆಯಲು ಅಂಡಾಶಯಕ್ಕೆ ಸೂಜಿ ಚುಚ್ಚುತ್ತಾರೆ, ಆಸ್ಪಿರಿನ್‌ನಿಂದ ರಕ್ತಸ್ರಾವ ಹೆಚ್ಚಬಹುದು. ಸೆಂಟರ್‌ಗೆ ಹೇಳದೆ ಆಸ್ಪಿರಿನ್ ಶುರು ಮಾಡಬೇಡಿ.

ಶಿವಮೊಗ್ಗ ಸದಸ್ಯೆ: ಸಿಆರ್‌ಪಿ ಎಷ್ಟಿದ್ದರೆ ಟ್ರಾನ್ಸ್‌ಫರ್ ಮಾಡಿಸಬಹುದು ಮೇಡಂ? ಐಬುಪ್ರೊಫೇನ್ ತಗೊಂಡು ಇಳಿಸಬಹುದಾ?

ಡಾಕ್ಟರ್: ಅಂಥ ಗೆರೆ ಯಾರೂ ಎಳೆದಿಲ್ಲ. ಲೀಟರಿಗೆ 10 ಮಿಲಿಗ್ರಾಂಗಿಂತ ಹೆಚ್ಚಿದ್ದರೆ ಸೋಂಕು, ಗಾಯ ಇದೆಯಾ ಹುಡುಕಿ, ಎರಡು ಮೂರು ವಾರ ಬಿಟ್ಟು ಮತ್ತೆ ನೋಡುತ್ತೇವೆ. ಐಬುಪ್ರೊಫೇನ್ ಬೇಡ. ನ್ಯಾಚುರಲ್ ಸೈಕಲ್‌ನಲ್ಲಿ (ಸಹಜ ಮುಟ್ಟಿನ ಚಕ್ರದಲ್ಲೇ ಟ್ರಾನ್ಸ್‌ಫರ್ ಮಾಡುವಾಗ) ಅಂಡಾಶಯದಿಂದ ಮೊಟ್ಟೆ ಹೊರಬರುವುದನ್ನೇ ತಡೆಯಬಹುದು.

ಬೆಳಗಾವಿ ಸದಸ್ಯ: ನಮಸ್ಕಾರ. ವೀರ್ಯದ ರಿಪೋರ್ಟಿನಲ್ಲಿ ಪಸ್ ಸೆಲ್ಸ್ (ಕೀವಿನ ಕಣ) 8-10 ಅಂತ ಇದೆ. ಇದೂ ಉರಿಯೂತವೇ?

ಅನಾಮಧೇಯ ಸದಸ್ಯೆ: ಮೇಡಂ, ವಯಸ್ಸು 31. ಎಡ ಅಂಡಾಶಯದಲ್ಲಿ 5 ಸೆಂ.ಮೀ. ಚಾಕೊಲೇಟ್ ಸಿಸ್ಟ್ (ಹಳೇ ರಕ್ತ ತುಂಬಿದ ಚೀಲ). ನಾಲ್ಕು ದಿನದ ಹಿಂದೆ ಎಗ್ ಪಿಕಪ್ ಆಯ್ತು, ನಾಳೆ ಟ್ರಾನ್ಸ್‌ಫರ್. ನಿನ್ನೆ ಸಂಜೆಯಿಂದ 100.8 ಜ್ವರ, ಕಿಬ್ಬೊಟ್ಟೆ ಎಡಕ್ಕೆ ನೋವು. ಪ್ಯಾರಾಸಿಟಮಾಲ್ ತಗೊಂಡ್ರೆ ಇಳಿಯುತ್ತೆ. ನಾವೇ ಮಾಡಿಸಿದ ಟೆಸ್ಟ್‌ನಲ್ಲಿ ಸಿಆರ್‌ಪಿ ಲೀಟರಿಗೆ 86, ಡಬ್ಲ್ಯೂಬಿಸಿ (ಬಿಳಿ ರಕ್ತಕಣ) 17,800. ಹೇಳಿದರೆ ಕ್ಯಾನ್ಸಲ್ ಮಾಡ್ತಾರೆ ಅಂತ ಸೆಂಟರ್‌ಗೆ ಹೇಳಿಲ್ಲ.

ತುಮಕೂರು ಸದಸ್ಯೆ: ಪ್ರೊಜೆಸ್ಟರಾನ್ ಹಾರ್ಮೋನ್‌ಗೆ ಮೈ ಬೆಚ್ಚಗಾಗುತ್ತೆ ಕಣಮ್ಮ, ಹೆದರ್ಬೇಡ.

ಡಾಕ್ಟರ್: ದಯವಿಟ್ಟು ಯಾರೂ ಮಧ್ಯೆ ಬರಬೇಡಿ. ಪ್ರೊಜೆಸ್ಟರಾನ್ ಅರ್ಧ ಡಿಗ್ರಿ, ಹೆಚ್ಚೆಂದರೆ ಒಂದು ಡಿಗ್ರಿ ಏರಿಸೀತು. ಇದು ಅದಲ್ಲ.

ಅಮ್ಮ, ಈ ಗಂಟೆಯೇ ಸೆಂಟರ್‌ಗೆ ಫೋನ್ ಮಾಡಿ. ಎತ್ತದಿದ್ದರೆ ಹೆರಿಗೆ ವಿಭಾಗ ಇರುವ ದೊಡ್ಡ ಆಸ್ಪತ್ರೆಯ ಎಮರ್ಜೆನ್ಸಿಗೆ ಹೋಗಿ. ಪಿಕಪ್ ಆದ ಮೇಲೆ ಸಿಆರ್‌ಪಿ ಸ್ವಲ್ಪ ಏರುವುದು ಸಹಜ, ಆದರೆ ಅದರ ಅರ್ಧಾಯುಷ್ಯ ಸುಮಾರು 19 ಗಂಟೆ. ಏರಿಸುವ ಕಾರಣ ನಿಂತಿದ್ದರೆ ನಾಲ್ಕನೇ ದಿನಕ್ಕೆ ಇಳಿಯುತ್ತಿರಬೇಕಿತ್ತು. 86 ಇದೆ ಅಂದರೆ ಒಳಗೆ ಏನೋ ಇನ್ನೂ ನಡೆಯುತ್ತಿದೆ. ಪಿಕಪ್ ಸೂಜಿ ಯೋನಿಯ ಗೋಡೆ ದಾಟಿ ಹೋಗುತ್ತದೆ, ಅಲ್ಲಿನ ಬ್ಯಾಕ್ಟೀರಿಯಾ ಜೊತೆಗೇ ಹೋಗಬಹುದು. ಚಾಕೊಲೇಟ್ ಸಿಸ್ಟ್‌ನೊಳಗಿನ ಹಳೇ ರಕ್ತದಲ್ಲಿ ಅವು ಚೆನ್ನಾಗಿ ಬೆಳೆಯುತ್ತವೆ. ಕೀವು ಕಟ್ಟುತ್ತಿದೆಯೇ ಅನ್ನುವುದೇ ನನ್ನ ಭಯ. ಅಂಡಾಶಯ ತಿರುಚಿಕೊಂಡಿರುವುದು, ಓಎಚ್‌ಎಸ್‌ಎಸ್ (ಹಾರ್ಮೋನ್ ಇಂಜೆಕ್ಷನ್‌ನಿಂದ ಅಂಡಾಶಯ ಅತಿಯಾಗಿ ಊದುವುದು), ಇವನ್ನೂ ಸ್ಕ್ಯಾನ್‌ನಲ್ಲಿ ನೋಡಬೇಕು. ವಾಂತಿ, ಹೊಟ್ಟೆ ಉಬ್ಬರ, ಮೂತ್ರ ಕಡಿಮೆ ಆಗಿರುವುದು ಇದ್ದರೆ ಮೊದಲೇ ಹೇಳಿ.

ಮನೆಯಲ್ಲಿ ಉಳಿದಿರುವ ಆಂಟಿಬಯೋಟಿಕ್ ನುಂಗಬೇಡಿ. ಮೊದಲು ಬ್ಲಡ್ ಕಲ್ಚರ್‌ಗೆ (ಬ್ಯಾಕ್ಟೀರಿಯಾ ಬೆಳೆಸಿ ನೋಡುವ ಪರೀಕ್ಷೆ) ರಕ್ತ ತೆಗೆಯಬೇಕು, ಆಮೇಲೆ ಅಭಿಧಮನಿಗೆ ಔಷಧಿ. ಎರಡು ಮೂರು ದಿನದಲ್ಲಿ ಜ್ವರ ಬಗ್ಗದಿದ್ದರೆ ಕೀವು ಹೊರತೆಗೆಯಬೇಕಾಗಬಹುದು. ಅರಿವಳಿಕೆ ಕೊಟ್ಟು ಆಪರೇಷನ್ ಮಾಡಬೇಕಾಗಿ ಬರಬಹುದು, ಆದ್ದರಿಂದ ಇನ್ನು ಏನೂ ತಿನ್ನಬೇಡಿ. ಪ್ಯಾರಾಸಿಟಮಾಲ್ ಎಷ್ಟು ಗಂಟೆಗೆ ತೆಗೆದುಕೊಂಡಿರಿ ಅಂತ ಬರೆದುಕೊಂಡು ಹೋಗಿ. ಇಲ್ಲದಿದ್ದರೆ ಅಲ್ಲಿ 99 ತೋರಿಸಿ ವಾಪಸ್ ಕಳಿಸಿಬಿಡುತ್ತಾರೆ.

ನಾಳೆಯ ಟ್ರಾನ್ಸ್‌ಫರ್ ಆಗಬಾರದು. ಭ್ರೂಣ ಎಲ್ಲೂ ಹೋಗುವುದಿಲ್ಲ. ಐದನೇ ದಿನ ಫ್ರೀಜ್ ಮಾಡಿ ಮೈನಸ್ 196 ಡಿಗ್ರಿಯ ದ್ರವ ಸಾರಜನಕದಲ್ಲಿ ಇಡುತ್ತಾರೆ. ನೀವು ಪೂರ್ತಿ ಗುಣವಾದ ಮೇಲೆ ಅದೇ ಭ್ರೂಣ ಹಾಕಬಹುದು.

ಬೆಂಗಳೂರು ಸದಸ್ಯ: ನೋಡಿ ತುಮಕೂರು ಮೇಡಂ, "ಹೆದರ್ಬೇಡ" ಅಂದಿರಲ್ಲ!

ತುಮಕೂರು ಸದಸ್ಯೆ: ಸಮಾಧಾನ ಹೇಳೋದು ತಪ್ಪಾ? ನಿಮ್ಮ ಹಾಗೆ ಗೂಗಲ್ ಓದಿ ಪೇಪರ್ ಎಸೆಯೋಕೆ ನನಗೆ ಬರಲ್ಲ. ನಮ್ಮ ಆಯುರ್ವೇದ ಕಂಡ್ರೆ ನಿಮಗ್ಯಾಕೆ ಉರಿ?

ಬೆಂಗಳೂರು ಸದಸ್ಯ: ಉರಿಯೂತದ ಗುಂಪಲ್ವಾ.

ಮಂಗಳೂರು ಸದಸ್ಯೆ: ಸಾಕು ಮಾರ್ರೆ ಇಬ್ಬರದ್ದೂ.

ಕಲಬುರಗಿ ಸದಸ್ಯೆ: ಮೇಡಂ, ಇಎಸ್‌ಆರ್ 46, ಗರ್ಭಕೋಶದ ಒಳಪದರದ ಟಿಬಿ ಪಿಸಿಆರ್ (ರೋಗಾಣುವಿನ ಡಿಎನ್‌ಎ ಹುಡುಕೋ ಟೆಸ್ಟ್) ಪಾಸಿಟಿವ್. ಆರು ತಿಂಗಳ ಟಿಬಿ ಮಾತ್ರೆ ಶುರು ಮಾಡ್ರಿ ಅಂದಾರ. ಬ್ಯಾರೆ ಯಾವ ಟೆಸ್ಟೂ ಆಗಿಲ್ಲ.

ಡಾಕ್ಟರ್: ಇಎಸ್‌ಆರ್‌ನಿಂದ ಟಿಬಿ ಹೇಳಲಾಗದು. ಪಿಸಿಆರ್ ಸತ್ತ ಬ್ಯಾಕ್ಟೀರಿಯಾದ ಚೂರಿಗೂ ಪಾಸಿಟಿವ್ ಆಗುತ್ತದೆ, ಅದೊಂದರ ಮೇಲೆ ಮಾತ್ರೆ ಶುರು ಮಾಡುವುದು ಸರಿಯಲ್ಲ. ಬಯಾಪ್ಸಿ, ಕಲ್ಚರ್, ಸಿಬಿನ್ಯಾಟ್ (ಯಂತ್ರದಲ್ಲಿ ಮಾಡುವ ಟಿಬಿ ಪರೀಕ್ಷೆ) ಆಗಲಿ, ಬೇಕಾದರೆ ಹೊಟ್ಟೆಯೊಳಗೆ ಕ್ಯಾಮರಾ ಹಾಕಿ ನೋಡುವ ಲ್ಯಾಪರೊಸ್ಕೊಪಿ. ಸ್ಯಾಂಪಲ್ ಮುಟ್ಟಿಗೆ ಮುಂಚಿನ ವಾರ ತೆಗೆಸಿ. ತೆಗೆಯುವಾಗಲೇ ಎರಡು ಭಾಗ ಮಾಡಿಸಿ, ಬಯಾಪ್ಸಿಗೆ ಒಂದು ಫಾರ್ಮಲಿನ್‌ಗೆ, ಕಲ್ಚರ್‌ಗೆ ಒಂದು ಸಲೈನ್‌ಗೆ. ಪೂರ್ತಿ ಫಾರ್ಮಲಿನ್‌ಗೆ ಹಾಕಿದರೆ ಬ್ಯಾಕ್ಟೀರಿಯಾ ಸತ್ತು ಕಲ್ಚರ್ ಮುಗಿದ ಹಾಗೆ. ಟಿಬಿ ಖಚಿತವಾದರೆ ಮಾತ್ರೆ ಸರ್ಕಾರದಿಂದ ಉಚಿತ. ಗರ್ಭನಾಳದ ಟ್ಯೂಬಿನಲ್ಲಿ ನೀರು ತುಂಬಿದೆಯಾ ಅಂತಲೂ ಸ್ಕ್ಯಾನ್‌ನಲ್ಲಿ ನೋಡಿಸಿ. ಆ ನೀರು ಗರ್ಭಕೋಶಕ್ಕೆ ಸೋರಿದರೆ ಐವಿಎಫ್ ಫಲ ಅರ್ಧಕ್ಕೆ ಇಳಿಯಬಹುದು.

ಕೋಲಾರ ಸದಸ್ಯೆ: ಸಿಆರ್‌ಪಿ ಎಷ್ಟಿದ್ರೆ ಟ್ರಾನ್ಸ್‌ಫರ್ ಮಾಡ್ತಾರೆ?

ಡಾಕ್ಟರ್: ಮೇಲೆ ಓದಿ.

ಬಳ್ಳಾರಿ ಸದಸ್ಯ: ಸಿಆರ್‌ಪಿ 4 ಇದೆ, ಟ್ರಾನ್ಸ್‌ಫರ್ ಓಕೆನಾ?

ಡಾಕ್ಟರ್: ಯೂನಿಟ್?

ಬಳ್ಳಾರಿ ಸದಸ್ಯ: 4.

ಅನಾಮಧೇಯ ಸದಸ್ಯೆ: ಫೋನ್ ಮಾಡಿದೆವು ಮೇಡಂ, ಅಡ್ಮಿಷನ್‌ಗೆ ಬರೋಕೆ ಹೇಳಿದ್ರು. ಹೊರಟಿದ್ದೇವೆ. ನೀವು ಬರೆಯೋ ಮುಂಚೆ ಕಾಫಿ ಕುಡಿದಿದ್ದೆ.

ಡಾಕ್ಟರ್: ಎಷ್ಟು ಗಂಟೆಗೆ ಅಂತ ಅಲ್ಲಿ ಅರಿವಳಿಕೆ ಡಾಕ್ಟರಿಗೆ ಹೇಳಿ. ಉಳಿದವರ ಪ್ರಶ್ನೆ ಇವತ್ತಿಗೆ ಸಾಕು.

ಬೆಳಗಾವಿ ಸದಸ್ಯ: ಮೇಡಂ, ಪಸ್ ಸೆಲ್ಸ್ ಕೇಳಿದ್ದೆ...