ಮೂವತ್ಮೂರು ದಾಟಿದವರ ಹರಟೆ

"ಅಲ್ರೀ, ಮೂವತ್ಮೂರಕ್ಕ ಮನಷ್ಯಾ ಹೊಗಿ ಆಗಿ ಹೋಗ್ತಾನ ಅಂದ್ರ, ನಾವು ನಾಲ್ಕೂ ಮಂದಿ ಇನ್ನೂ ಉಸಿರಾಡ್ಲಿಕತ್ತೀವಲ್ಲ, ಇದು ಯಾವ ಲೆಕ್ಕದಾಗ?" ಅಂತ ಕುಲಕರ್ಣಿ ಶುರು ಹಚ್ಚಿಕೊಂಡ.

"ಉದ್ರಿ ಲೆಕ್ಕದಲ್ಲಿ," ಅಂದರು ಶೆಟ್ರು, ಗಲ್ಲಾದಿಂದ ತಲೆ ಎತ್ತದೆ.

ಜೂನ್ ತಿಂಗಳ ಭಾನುವಾರ, ಮಧ್ಯಾಹ್ನ ಮೂರರ ಸುಮಾರು. ಭಾವುದಾಜಿ ರಸ್ತೆಯ ಮೈಸೂರು ಅಸೋಸಿಯೇಷನ್ನಿನಲ್ಲಿ ಕಾರ್ಯಕ್ರಮ ಮುಗಿಸಿ ಹೊರಗೆ ಬಿದ್ದರೆ ಧೋ ಅಂತ ಮಳೆ. 2025ರಲ್ಲಿ ಮುಂಗಾರು ಮೇ 26ಕ್ಕೇ ಮುಂಬಯಿಗೆ ವಕ್ಕರಿಸಿತ್ತಲ್ಲ, ಆಮೇಲೆ ಕಿಂಗ್ಸ್ ಸರ್ಕಲ್ಲಿನ ನೀರಿನ ಕಥೆ ಹೊಸದಾಗಿ ಹೇಳಬೇಕಾಗಿಲ್ಲ. ಮಾಟುಂಗದಲ್ಲೇ ಇರುವ ಶೆಟ್ರ ಹೋಟೆಲಿಗೆ ನುಗ್ಗಿ ಮೂಲೆ ಮೇಜು ಹಿಡಿದೆವು. ಊಟದ ಗದ್ದಲ ಮುಗಿದು, ರಾತ್ರಿಯ ದೋಸೆ ಹಿಟ್ಟು ರುಬ್ಬುವ ಸದ್ದು ಒಳಗಿನಿಂದ ಬರುತ್ತಿತ್ತು.

ಚರ್ಚೆಯ ವಿಷಯ ಏಪ್ರಿಲ್ 24ಕ್ಕೆ ಬಂದ ಫ್ರೆಂಚರ ವಿಡಿಯೋ ಆಟ, 'ಕ್ಲೇರ್ ಒಬ್ಸ್ಕ್ಯೂರ್: ಎಕ್ಸ್‌ಪೆಡಿಷನ್ 33'. ಮಾಂಪೆಲಿಯೆ ಊರಿನ ಸ್ಯಾಂಡ್‌ಫಾಲ್ ಎಂಬ ಪುಟ್ಟ ಕಂಪನಿಯ ಚೊಚ್ಚಲ ಕೂಸು. ಒಳಗಿನ ತಂಡ ಮೂವತ್ತರ ಆಸುಪಾಸು. ಹೊರಗಿನವರ ಕೈಯೂ ಬೇಕಾದಷ್ಟು ಸೇರಿದೆ ಅನ್ನಿ. 33 ದಿನಕ್ಕೆ 33 ಲಕ್ಷ ಪ್ರತಿ ಹೋದವು ಅಂತ ಕಂಪನಿಯವರೇ ಹೇಳಿಕೊಂಡರು. ಮಿಲಿಯನ್ನಿನಲ್ಲಿ ಎಣಿಸುವವರಿಗೆ ಅದು ಬರೀ 3.3. ಲಕ್ಷದಲ್ಲಿ ಎಣಿಸುವ ನಮಗೇ ಆ ಜೋಡಿ ಸರಿಯಾಗಿ ಕೂತಿದ್ದು.

"ಕಥಿ ಏನದ ಅಂದ್ರ," ಕುಲಕರ್ಣಿ ಕುರ್ಚಿ ಮುಂದೆಳೆದುಕೊಂಡ, "ಒಬ್ಬಾಕಿ ಬಣ್ಣಾ ಬಳೀತಾಳ, ಮಂದಿ ಸಾಯ್ತಾರ, ನಾವು ಹೋಗಿ ಆಕಿನ್ನ ಹೊಡೀಬೇಕು. ಮುಗೀತು."

ನಳಿನಕ್ಕ ಕಣ್ಣುಮುಚ್ಚಿಕೊಂಡರು. ಗೋರೆಗಾಂವಿನ ಶಾಲೆಯೊಂದರಲ್ಲಿ ಚಿತ್ರಕಲೆ ಕಲಿಸಿ ನಿವೃತ್ತರಾದವರು. ನಮ್ಮ ನಾಲ್ವರಲ್ಲಿ ಮೊದಲು ಆಟ ಮುಗಿಸಿದವರೂ ಅವರೇ.

"ನೀನು ದೃಶ್ಯಗಳನ್ನೆಲ್ಲ ಹಾರಿಸಿಬಿಟ್ಟಿದ್ದೀಯ, ಅಲ್ವೇನಪ್ಪಾ?"

"ಮತ್ತ? ಡೊಂಬಿವಲಿಯಿಂದ ದಾದರಕ್ಕ ಬರೂದ್ರಾಗ ಕಥಿ ನೋಡ್ಲೋ, ಹೊಡದಾಡ್ಲೋ?"

"ಹಾಗಾದ್ರೆ ಬಾಯಿ ಮುಚ್ಕೊಂಡು ಕೇಳು. ಲ್ಯೂಮಿಯೇರ್ ಅಂತ ಒಂದೂರು. ಪ್ಯಾರಿಸ್ಸಿನಿಂದ ಒಂದು ಚೂರು ಕಿತ್ತು ಸಮುದ್ರಕ್ಕೆ ಎಸೆದಿದ್ದಾರೆ, ಐಫೆಲ್ ಗೋಪುರ ಕೂಡ ಸೊಟ್ಟಗೆ ತಿರುಚಿಕೊಂಡು ನಿಂತಿದೆ. ಆಚೆ ದಡದಲ್ಲಿ ಒಂದು ದೈತ್ಯ ಕಲ್ಲು, ಅದರ ಮೇಲೆ ಒಂದು ಸಂಖ್ಯೆ. ವರ್ಷಕ್ಕೊಂದ್ಸಲ ಪೇಂಟ್ರೆಸ್ ಅನ್ನೋಳು ಎದ್ದು ಅದನ್ನ ಅಳಿಸಿ, ಒಂದು ಕಮ್ಮಿ ಮಾಡಿ ಬರೀತಾಳೆ. ಅಷ್ಟು ವಯಸ್ಸಾದೋರು ನಿಂತಲ್ಲೇ ಹೂವಿನ ಎಸಳಾಗಿ ಗಾಳೀಲಿ ಹೋಗ್ತಾರೆ. ನೂರರಿಂದ ಇಳೀತಾ ಇಳೀತಾ 67 ವರ್ಷಕ್ಕೆ ಈಗ 33. ಇನ್ನೊಂದೇ ವರ್ಷ ಉಳಿದಿರೋರು ದೋಣಿ ಹತ್ತಿ ಅವಳನ್ನ ನಿಲ್ಲಿಸೋಕೆ ಹೊರಡ್ತಾರೆ. ಪ್ರತಿ ವರ್ಷ ಒಂದು ತಂಡ ಹೋಗುತ್ತೆ, ಯಾವುದೂ ಗೆದ್ದಿಲ್ಲ."

"ಅಂದ್ರೆ ಊರಿನಲ್ಲಿ ಉಳಿಯುವುದು ಬರೀ ಕಾಲೇಜು ಮಕ್ಕಳು ಮಾರಾಯ್ರೆ," ಶೆಟ್ರಿಗೆ ನಿಜವಾಗಿ ಆತಂಕವಾಯಿತು. "ಒಂದು ದೋಸೆಗೆ ನಾಲ್ಕು ಸಲ ಸಾಂಬಾರು ಕೇಳುವವರು. ಹೋಟೆಲು ನಡೀಲಿಕ್ಕುಂಟಾ?"

ನನ್ನ ಮಟ್ಟಿಗೆ ಆಟದ ಅತ್ಯುತ್ತಮ ಭಾಗ ಆ ಮೊದಲ ಒಂದು ಗಂಟೆ. ಕತ್ತಿ ಇನ್ನೂ ಕೈಗೆ ಸರಿಯಾಗಿ ಹತ್ತಿರುವುದಿಲ್ಲ. ಆ ದಿನ ಹೋಗಬೇಕಾದವರು ಕೊರಳಿಗೆ ಹೂವಿನ ಹಾರ ಹಾಕಿಕೊಂಡು ಬಂದರಿನ ಕಡೆ ನಡೆಯುತ್ತಿರುತ್ತಾರೆ. ಯಾರೋ ಕುರ್ಚಿ ಮೇಜು ಹಂಚಿ ಹೋಗುತ್ತಿದ್ದಾರೆ, ಯಾರೋ ಹಳೇ ಜಗಳ ಮುಗಿಸುತ್ತಿದ್ದಾರೆ. ಥೇಟು ನಮ್ಮ ಬ್ಯಾಂಕಿನ ಬೀಳ್ಕೊಡುಗೆ ಸಮಾರಂಭ. ಹಾರ ಉಂಟು, ಭಾಷಣ ಉಂಟು, ನಾಳೆಯಿಂದ ಈ ಮನುಷ್ಯ ಇಲ್ಲ ಅನ್ನುವುದನ್ನು ಬಿಟ್ಟು ಮಿಕ್ಕ ಎಲ್ಲ ಮಾತೂ ಉಂಟು. ಆಟದ ನಾಯಕ ಗುಸ್ತಾವ್ ತನ್ನ ಹಳೆಯ ಗೆಳತಿಯ ಪಕ್ಕ ನಿಂತಾಗ ನಾನು ಕಂಟ್ರೋಲರ್ ಕೆಳಗಿಟ್ಟು ಕಣ್ಣು ಒರೆಸಿಕೊಂಡೆ. ಪಕ್ಕದಲ್ಲಿ ಕೂತಿದ್ದ ಹತ್ತನೇ ತರಗತಿಯ ಮಗ "ಪಪ್ಪಾ, ಫೈಟ್ ಯಾವಾಗ?" ಅಂತ ಕೇಳಿದ. ಅವನಿಗೆ ಮೂವತ್ಮೂರು ಅಂದರೆ ಮುದಿತನ. ಈ ಆಟ ಮಾಡಿದವರು ಯಾರನ್ನು ಮನಸ್ಸಿನಲ್ಲಿ ಇಟ್ಟುಕೊಂಡಿದ್ದರೋ ಗೊತ್ತಿಲ್ಲ, ಪೆಟ್ಟು ಬಿದ್ದದ್ದು ಮಾತ್ರ ಕನ್ನಡಕ ಹಾಕಿಕೊಂಡು ಆಡುವವರಿಗೆ.

"ಅಳೂದು ಸಾಕ್ರೀ. ಹೊಡದಾಟದ ಮಾತಾಡ್ರಿ," ಅಂದ ಕುಲಕರ್ಣಿ.

ಹೊಡೆದಾಟದ ಕ್ರಮ ಹೀಗೆ. ಸರದಿ ಪ್ರಕಾರ ಆಡಬೇಕು: ನಮ್ಮ ಸರದಿಯಲ್ಲಿ ನಾವು, ರಾಕ್ಷಸನ ಸರದಿಯಲ್ಲಿ ರಾಕ್ಷಸ. ಹಳೇ ಆಟಗಳಲ್ಲಿ ಅವನು ಹೊಡೆಯುವಾಗ ನಾವು ಚಹಾ ಹೀರಬಹುದಿತ್ತು. ಇಲ್ಲಿ ಅದಕ್ಕೆ ಕಲ್ಲು. ಅವನ ಏಟು ಬೀಳುವ ಗಳಿಗೆಗೆ ಸರಿಯಾಗಿ ಗುಂಡಿ ಒತ್ತಿ ತಪ್ಪಿಸಿಕೊಳ್ಳಬೇಕು, ಇಲ್ಲವೇ ಇನ್ನೂ ನಿಖರವಾಗಿ ಒತ್ತಿ ತಡೆಯಬೇಕು. ಆ ತಡೆಗೆ ಪ್ಯಾರಿ ಅನ್ನುತ್ತಾರೆ. ಸಾಲಾಗಿ ಬರುವ ಏಟುಗಳನ್ನೆಲ್ಲ ತಡೆದರೆ ನಮ್ಮವನು ತಿರುಗಿ ಒಂದು ಬಿಡುತ್ತಾನೆ ನೋಡಿ, ಅದರ ಸುಖವೇ ಬೇರೆ. ಆದರೆ ಈ ರಾಕ್ಷಸರು ಮಹಾ ಕಿಲಾಡಿಗಳು. ಕೈ ಎತ್ತುತ್ತಾರೆ, ಹೊಡೆಯುವುದಿಲ್ಲ. ಒತ್ತಿಬಿಟ್ಟೆವೋ, ಆಮೇಲೆ ನಿಧಾನವಾಗಿ ಬಾರಿಸುತ್ತಾರೆ.

"ನಂದು ಕೇಳ್ರಿ," ಅಂದ ಕುಲಕರ್ಣಿ. "ಸೋಮವಾರ ಮುಂಜಾನಿ, ಡೊಂಬಿವಲಿ ಲೋಕಲ್ಲು. ಅಲ್ಲಿಂದ್ಲೇ ಹೊರಡೂ ಗಾಡಿ ಆದ್ರೂ ನನಗ ಸಿಕ್ಕಿದ್ದು ಚೌಥಿ ಸೀಟು. ಅರ್ಧಾ ಕುಂಡಿ ಒಳಗ, ಅರ್ಧಾ ಹೊರಗ. ಕೈಯಾಗ ಸ್ಟೀಮ್ ಡೆಕ್ ಅನ್ನೂ ಆಟದ ಯಂತ್ರ. ಎದುರಿಗೆ ಎವೆಕ್, ಆ ಭಾಲಾ ಹಿಡಕೊಂಡ ರಾಕ್ಷಸ. ಇಯರ್‌ಫೋನ್ ಮನ್ಯಾಗ ಬಿಟ್ಟ ಬಂದೇನಿ. ಈ ಆಟಾ ಕಿವಿಯಿಂದ ಆಡೋದ್ರೀ, ಏಟು ಬರೂ ಸಪ್ಪಳಾ ಕೇಳಿ ಒತ್ತಬೇಕು. ನನ್ನ ಡಬ್ಬಿಯೊಳಗ ಏನು ಕೇಳಸ್ತದ? ಭಜನಿ ಮಂಡಳಿ!"

"ಝಾಂಜಿನವರಾ?" ಶೆಟ್ರು ಕೇಳಿದರು.

"ಝಾಂಜು, ಢೋಲಕಿ, ಎಲ್ಲಾ. ಅವರು ಝಣ್ ಅಂದಾಗ ನನ್ನ ಬೆರಳೂ ಒತ್ತೋದು, ಎವೆಕ್ ಆಮ್ಯಾಲೆ ಹೊಡ್ಯೋದು. ಠಾಣೆ ಬರೂದ್ರಾಗ ಗುಸ್ತಾವ್ ಸತ್ತ. ಮತ್ತ ಶುರು ಮಾಡ್ದೆ. ಮುಲುಂದಕ್ಕ ಅವನ ಜೋಡಿ ಇದ್ದ ಲೂನ್ ಸತ್ಲು. ಆಗ ಆ ಝಾಂಜ್ ಹೊಡ್ಯಾವರು, ಟೊಪಗಿ ಹಾಕ್ಕೊಂಡಿದ್ದ ಅಜ್ಜಾರು, ಬಗ್ಗಿ ನೋಡಿ ಹಾಡೂದು ನಿಲ್ಲಿಸಿದ್ರು. ಸುಮ್ಮನ ಎರಡು ಸರತಿ ನೋಡಿದ್ರು. ಮೂರನೇದಕ್ಕ ನನ್ನ ಭುಜಾ ಹಿಡದು ಮರಾಠಿಯೊಳಗ 'ಆತ್ತಾ!' ಅಂದ್ರು, ಈಗ ಅಂತ. ಒತ್ತಿದೆ. ಟಣ್! 'ಆತ್ತಾ!' ಟಣ್! 'ಥಾಂಬ್, ಥಾಂಬ್... ಆತ್ತಾ!' ಟಣ್! ಇಡೀ ಡಬ್ಬಿ ಎದ್ದು ನಿಂತು ಚಪ್ಪಾಳಿ."

"ಗೆದ್ದೆಯಾ?"

"ಎಲ್ಲೀದು! ಅಜ್ಜಾರು ಘಾಟಕೋಪರಕ್ಕ ಇಳದುಬಿಟ್ರು. ನಾನೂ ಅಲ್ಲೇ ಸತ್ತೆ."

ನಳಿನಕ್ಕನಿಗೆ ಈ ಕಷ್ಟವೇ ಇಲ್ಲ. ಅವರು ಆಡಿದ್ದು ಸ್ಟೋರಿ ಮಟ್ಟದಲ್ಲಿ. ಅಲ್ಲಿ ತಡೆಯಲು ಸಿಗುವ ಗಳಿಗೆ ಉದಾರವಾಗಿರುತ್ತದೆ. ನಮ್ಮ ಕಡೆಯಿಂದ ಹೊಡೆಯುವಾಗ ಒತ್ತಬೇಕಾದ ಗುಂಡಿಯನ್ನು ತಾನಾಗಿ ಒತ್ತಿಕೊಳ್ಳುವ ಹಾಗೆ ಸೆಟ್ಟಿಂಗ್ ಕೂಡ ಉಂಟು. ಕುಲಕರ್ಣಿ ಇದನ್ನು ಮೋಸ ಅಂದ. "ಮೋಸ ಏನು ಬಂತು? ಕೀಲು ನೋವಿರೋ ಬೆರಳಿದು. ನಾನು ಚಿತ್ರ ನೋಡೋಕೆ ಹೋಗಿದ್ದು, ಪದಕ ತರೋಕಲ್ಲ," ಅಂತ ಅಕ್ಕ ಒಂದೇ ಮಾತಿಗೆ ಅವನನ್ನು ಮಲಗಿಸಿದರು. ಅವರು ಪ್ರತಿ ಬೆಳಕಿನ ಕೋಲು, ಪ್ರತಿ ಗೋಡೆಯ ಬಣ್ಣ ನೋಡಿಕೊಂಡು ಬಂದಿದ್ದಾರೆ. ಮರದ ಮೈ, ಬ್ರಷ್ಷಿನ ತಲೆಯ ಜೆಸ್ಟ್ರಾಲ್ ಎಂಬ ಜಗಳಗಂಟ ಜೀವಿಗಳನ್ನು ಕಂಡು ಮಾತ್ರ ಅವರಿಗೆ ಬೇಜಾರು. ಅಷ್ಟೊಂದು ಬ್ರಷ್ಷು, ಒಂದನ್ನಾದರೂ ಯಾರೂ ಸರಿಯಾಗಿ ತೊಳೆದಿಲ್ಲವಂತೆ.

ನನ್ನ ತಕರಾರು ಬೇರೆ. ಊರು ಕಾಡು ಗುಹೆ ಇಷ್ಟು ಚೆಂದ ಮಾಡಿ, ಒಳಗೆ ಹೋದವನ ಕೈಗೆ ಒಂದು ನಕ್ಷೆ ಕೊಡಬಾರದೇ? ಹೊರಗಿನ ದೊಡ್ಡ ಭೂಪಟ ಇದೆ, ಒಳಗೆ ಮಾತ್ರ ದೇವರೇ ಗತಿ. ಎಲ್ಲ ಬಂಡೆಯೂ ಒಂದೇ ಥರ, ಎಲ್ಲ ದೀಪವೂ ಒಂದೇ ಥರ. ಅಕ್ಕ ಇದನ್ನೂ ಸಮರ್ಥಿಸಿದರು. ದಾರಿ ತಪ್ಪಿದರೇ ಕಣ್ಣು ಕೆಲಸ ಮಾಡುವುದಂತೆ. ಕಲಾವಿದರ ಜೊತೆ ವಾದಕ್ಕೆ ಇಳಿಯಬಾರದು.

ಶೆಟ್ರ ಕಣ್ಣು ಅರಳಿದ್ದು ಪಿಕ್ಟೋ ಮಾತು ಬಂದಾಗ. ಇವು ತಾಯಿತದಂಥವು. ಒಂದೊಂದರಲ್ಲಿ ಒಂದೊಂದು ವಿದ್ಯೆ. ಕಟ್ಟಿಕೊಂಡು ನಾಲ್ಕು ಯುದ್ಧ ಗೆದ್ದರೆ ಆ ವಿದ್ಯೆ ತಂಡದ ಎಲ್ಲರಿಗೂ ಬರುತ್ತದೆ. ಆಮೇಲೆ ಲ್ಯೂಮಿನಾ ಪಾಯಿಂಟು ತೆತ್ತು ಯಾರು ಬೇಕಾದರೂ ಹಾಕಿಕೊಳ್ಳಬಹುದು. ನನಗೆ ಆ ಪಟ್ಟಿ ಕಂಡರೆ ಮಾರ್ಚ್ ಕೊನೆಯ ವಾರ ನೆನಪಾಗಿ ಮೈ ಝುಂ ಅನ್ನುತ್ತದೆ. ಶೆಟ್ರೋ, ಗಲ್ಲಾದ ಕೆಳಗಿಂದ ಕೆಂಪು ಬಟ್ಟೆಯ ಖಾತೆ ಪುಸ್ತಕ ತೆಗೆದು ಮೇಜಿನ ಮೇಲೆ ಬಿಚ್ಚಿಟ್ಟರು. ಎಡ ಪುಟದಲ್ಲಿ ಹಾಲು, ಮೊಸರು, ಬಾಳೆ ಎಲೆ, ಉದ್ದು. ಬಲ ಪುಟದಲ್ಲಿ, ಅದೇ ಅಕ್ಷರ, ಅದೇ ಗೆರೆ, ಯಾವ ಪಿಕ್ಟೋ ತಂಡದಲ್ಲಿ ಯಾರಿಗೆ ಅನ್ನುವ ಲೆಕ್ಕ: 'ಫಸ್ಟ್ ಸ್ಟ್ರೈಕ್ – ಮಾಯೆಲ್. ಡಾಡ್ಜರ್ – ಲೂನ್, ಮೂರು ಯುದ್ಧ ಆಯ್ತು, ಒಂದು ಬಾಕಿ.' 'ಬಾಕಿ'ಯ ಕೆಳಗೆ ಕೆಂಪು ಶಾಯಿಯಲ್ಲಿ ಗೆರೆ.

"ಎಲ್ಲಾ ಬರೆದಿಟ್ಟಿದ್ದೇನೆ. ಬರೀದಿದ್ರೆ ವ್ಯಾಪಾರ ಆಗ್ತದಾ?" ಅಂದರು.

"ನಾ ಓದೋದೇ ಇಲ್ಲ," ಅಂದ ಕುಲಕರ್ಣಿ. "ಆಟೋ ಡೆತ್ ಅಂತ ಒಂದು ಸಿಕ್ತು, ಹೆಸರು ಜಬರದಸ್ತ್ ಅದ ಅಂತ ಕಟ್ಟಿಕೊಂಡೆ. ವೈರಿ ತಾನಾಗೇ ಸಾಯ್ತಾನ ಅನ್ಕೊಂಡಿದ್ದೆ."

"ಕಟ್ಕೊಂಡೋನು ಸಾಯೋದು ಅದು. ಯುದ್ಧ ಶುರುವಾದ ಕೂಡ್ಲೇ," ಅಂದರು ಅಕ್ಕ.

"ಈಗ ಹೇಳ್ತೀರಿ! ಆಟದ ಅಪ್‌ಡೇಟ್ ಕೆಟ್ಟದ ಅಂತ ನಾ ವಾರಗಟ್ಟಲೆ ಬೈಕೋತ ಅಡ್ಡಾಡೀನಿ."

ಬೈಗುಳದ ಮಾತಿಗೆ ಶೆಟ್ರಿಗೆ ಇನ್ನೊಂದು ನೆನಪಾಯಿತು. ಇಂಗ್ಲಿಷ್ ಧ್ವನಿಯಲ್ಲಿ ಆಡಿದರೂ ಈ ಜನ ಸಿಟ್ಟು ಬಂದರೆ ಫ್ರೆಂಚಿನಲ್ಲೇ ಬೈಯುವುದು. "ನಾನು ಹೋಟೆಲು ಮುಚ್ಚಿ ರಾತ್ರಿ ಹನ್ನೆರಡಕ್ಕೆ ಕೂತುಕೊಳ್ಳುವುದು. ಅವರು ಫ್ರೆಂಚಿನಲ್ಲಿ ಬೈತಾರೆ, ನಾನು ತುಳುವಿನಲ್ಲಿ ಮುಂದುವರಿಸ್ತೇನೆ. ಹೆಂಡ್ತಿ ಬಾಗಿಲು ಹಾಕಿಕೊಂಡು ಮಲಗ್ತಾಳೆ."

ಆಮೇಲೆ ಮಾತು ಎಲ್ಲೆಲ್ಲಿಗೋ ಹೋಯಿತು. ಮೂಲೆಮುಡುಕಿನಲ್ಲಿ ಅಡಗಿರುವ ಮೈಮ್ ಅಂದರೆ ಮೂಕಾಭಿನಯದ ಕಲಾವಿದರನ್ನು ಸೋಲಿಸಿದರೆ ಪಟ್ಟೆ ಅಂಗಿ, ಬೆನ್ನಿಗೆ ಉದ್ದನೆ ಬ್ರೆಡ್ಡು ಇರುವ ವೇಷ ಸಿಗುತ್ತದೆ; ಲೋಕದ ಉಳಿವಿಗೆ ಹೊರಟವರು ಬೇಕರಿಯಿಂದ ಬಂದವರ ಹಾಗೆ ಓಡಾಡುವುದನ್ನು ನೋಡಿಯೇ ಆನಂದಿಸಬೇಕು. ಜೆಸ್ಟ್ರಾಲ್‌ಗಳ ಕಡಲತೀರದಲ್ಲಿ ಹತ್ತಿ ಹಾರಿ ಬೀಳುವ ಪಂದ್ಯಗಳಿವೆ. ಕುಲಕರ್ಣಿ ಅಂಥದ್ದೊಂದರಲ್ಲಿ ಬೆಳಗಿನ ಜಾವದ ತನಕ ಬಿದ್ದೂ ಬಿದ್ದೂ ಕೊನೆಗೂ ಗೆದ್ದನಂತೆ. ಬಹುಮಾನ, ಈಜುವ ಚಡ್ಡಿ.

"ಅದನ್ನ ಹಾಕ್ಕೊಂಡೇ ಕೊನಿಗೆ ಹೋದೆ," ಅಂದ.

"ಕೊನೆ!" ಅಂತ ನಾನೂ ಅಕ್ಕನೂ ಒಟ್ಟಿಗೆ ಕೂಗಿದೆವು. ಶೆಟ್ರು ಇನ್ನೂ ಮೊದಲ ಅಂಕದಲ್ಲಿದ್ದಾರೆ. ಅವರ ಎದುರು ಬಾಯಿ ಬಿಟ್ಟರೆ ಉದ್ರಿ ಬಂದ್. ಆದರೆ ಆ ಕೊನೆಯ ಬಗ್ಗೆ ಜಗಳ ಆಡದೆ ಇರುವುದೂ ಸಾಧ್ಯವಿಲ್ಲ. ಇಬ್ಬರಲ್ಲಿ ಒಬ್ಬರ ಪಕ್ಷ ಹಿಡಿ ಅಂತ ಆಟ ನಮ್ಮ ಕೊರಳಪಟ್ಟಿ ಹಿಡಿದು ಕೇಳುತ್ತದೆ. ಅಕ್ಕ ಉಪಾಯ ಮಾಡಿದರು. ಕಾಫಿ ಲೋಟವನ್ನು ಬಟ್ಟಲಿನಿಂದ ಎತ್ತಿ ಪಕ್ಕಕ್ಕಿಟ್ಟರು.

"ಲೋಟ ಹೇಳೋದು ಸರಿ. ನೋವಾಗುತ್ತೆ ನಿಜ, ಆದ್ರೆ ಅದೇ ಸರಿ."

"ಬಟ್ಟಲಿನ ಕಷ್ಟ ನಿಮಗೆ ಗೊತ್ತಿಲ್ಲ," ಅಂದೆ ನಾನು. "ಬಟ್ಟಲಿಗೆ ಆಚೆ ಕಡೆ ಏನು ಉಳಿದಿದೆ ಅಂತ ಹಾಗೆ ಹೇಳ್ತೀರಿ?"

"ಬಟ್ಟಲು ತನಗೆ ತಾನೇ ಸುಳ್ಳು ಹೇಳ್ಕೋತಿದೆ ಕಣಪ್ಪಾ!"

"ಲೋಟಕ್ಕೆ ಬೇರೆಯವರ ಜೀವ ತೀರ್ಮಾನ ಮಾಡೋ ಹಕ್ಕು ಕೊಟ್ಟೋರು ಯಾರು?"

ಅಡುಗೆಮನೆಯ ಹುಡುಗರು ಇಣುಕಿ ನೋಡಿದರು. ಶೆಟ್ರು ಮೇಜಿನ ಮೇಲಿದ್ದ ಲೋಟವನ್ನೂ ಬಟ್ಟಲನ್ನೂ ಒಮ್ಮೆ ನೋಡಿ, "ಪಾತ್ರೆಯಲ್ಲಿ ಎಂತ ದೋಷ ಉಂಟು?" ಅಂದರು.

"ನೀನು ಯಾರನ್ನ ಆರಿಸ್ದೆ?" ಅಂತ ಅಕ್ಕ ಕುಲಕರ್ಣಿ ಕಡೆ ತಿರುಗಿದರು.

"ಬಟ್ಟಲು."

"ಸದ್ಯ, ಒಬ್ಬನಾದರೂ ನನ್ನ ಕಡೆ," ಅಂದೆ. "ಯಾಕೆ?"

"ಡ್ಯಾಮೇಜ್ ಜಾಸ್ತಿ ಅದ. ಮೂರನೇ ಅಂಕದಾಗ 9,999ರ ಕಟ್ಟು ಬಿಚ್ಚಿದ ಮ್ಯಾಲೆ ಒಂದ ಪೆಟ್ಟಿಗೆ ಲಕ್ಷ ದಾಟ್ತದ. ಅಂಥಾ ಬಟ್ಟಲಾ ಬಿಟ್ಟು ಲೋಟಾ ಯಾಂವ ಹಿಡೀತಾನ್ರೀ?"

ಅಕ್ಕ ಸೆರಗಿನಿಂದ ಮುಖ ಮುಚ್ಚಿಕೊಂಡು ನಕ್ಕರು. ನಾನು ನಗಲಾಗದೆ ಬಟ್ಟಲನ್ನು ಲೋಟದ ಕೆಳಗೆ ವಾಪಸ್ ಇಟ್ಟೆ.

ಶೆಟ್ರು ಖಾತೆ ಪುಸ್ತಕ ಮಡಚಿ ಬಂದು ಎದುರು ಕೂತರು. "ನನಗೆ ಲೋಟವೂ ಬೇಡ, ಬಟ್ಟಲೂ ಬೇಡ. ಒಂದು ಮಾತ್ರ ಹೇಳಿ. ಆ ಎಸ್ಕಿಯೆ ಉಂಟಲ್ಲ, ಗುಂಡಗೆ ದೊಡ್ಡದು, ಕಲ್ಲುಗಳಿಗೆ ಹೆಸರಿಟ್ಟು ಸಾಕುವುದು, ನಮ್ಮನ್ನು ಬೆನ್ನ ಮೇಲೆ ಕೂರಿಸಿಕೊಂಡು ಈಜುವುದು... ಪಾಪದ್ದು. ಅದಕ್ಕೆ ಏನೂ ಆಗುವುದಿಲ್ಲವಲ್ಲ?"

"ಶೆಟ್ರೇ, ಇನ್ನೊಂದು ಕಾಫಿ," ಅಂದೆ ನಾನು.

"ನನಗೂ," ಅಂದರು ಅಕ್ಕ.

"ನನಗ ಎರಡು," ಅಂದ ಕುಲಕರ್ಣಿ.