ಅಪ್‌ಡೇಟ್: ಕೊಳವೆ ತೂತಾಗುತ್ತಿದ್ದ ಕಾರಣ ಸಿಕ್ಕಿತು

ಕ್ಲೋರಿನ್ ತಪ್ಪದೆ ಹಾಕಿದರೂ ನೀರು ತಣಿಸುವ ಕೂಲಿಂಗ್ ಟವರ್‌ನ ಉಕ್ಕಿನ ಕೊಳವೆಗಳು ಸೂಜಿ ಚುಚ್ಚಿದಂತೆ ತೂತಾಗುವುದೇಕೆ ಎಂದು ಕೇಳಿದ್ದೆ. ‘ಕತ್ತರಿಸಿ ನೋಡಿ’ ಎಂದವರಿಗೆ ಋಣಿ.

ಕತ್ತರಿಸಿದೆವು. ಒಳಗೆಲ್ಲ ಕಂದು ತುಕ್ಕಿನ ಗಂಟುಗಳು, ಮೇಲೆ ಲೋಳೆ. ಒಂದು ಗಂಟನ್ನು ಎಬ್ಬಿಸಿದರೆ ಕೆಳಗೆ ಕಾಡಿಗೆಯಂತಹ ಕೆಸರು. ಅದರ ಮೇಲೆ ಒಂದು ಹನಿ ಹೈಡ್ರೋಕ್ಲೋರಿಕ್ ಆಮ್ಲ ಬಿಟ್ಟದ್ದೇ ತಡ, ಕೊಳೆತ ಮೊಟ್ಟೆಯ ನಾತ (ಗಾಳಿಯಾಡುವಲ್ಲಿ ಮಾಡಿ, ಆ ಅನಿಲ ವಿಷ). ಅಂದರೆ ಕಬ್ಬಿಣದ ಸಲ್ಫೈಡ್. ಒರೆಸಿದಾಗ ಹೊಳೆಯುವ ಲೋಹದಲ್ಲಿ ಬಟ್ಟಲಿನಂತಹ ಕುಳಿ. ಪ್ರಯೋಗಾಲಯವೂ ಸಲ್ಫೇಟ್ ಅಪಕರ್ಷಕ ಬ್ಯಾಕ್ಟೀರಿಯಾ (ನೀರಿನ ಸಲ್ಫೇಟನ್ನು ಸಲ್ಫೈಡ್ ಆಗಿಸಿ ಉಕ್ಕನ್ನು ಕೊರೆಯುವಂಥವು) ಎಂದೇ ಹೇಳಿತು. ಆಮ್ಲಜನಕವಿಲ್ಲದ ಕಡೆ ಬೆಳೆಯುವ ಇವಕ್ಕೆ ಲೋಳೆಯೇ ಕೋಟೆ. ಕ್ಲೋರಿನ್ ಆ ಪದರದಲ್ಲೇ ಖರ್ಚಾಗುತ್ತಿತ್ತು. ಸಾಲದ್ದಕ್ಕೆ ನಮ್ಮ ನೀರಿನ ಪಿಎಚ್ 8.6. ಅಲ್ಲಿ ಕ್ಲೋರಿನ್‌ನ ಹೆಚ್ಚಿನ ಪಾಲು ಬ್ಯಾಕ್ಟೀರಿಯಾ ಕೊಲ್ಲುವುದರಲ್ಲಿ ದುರ್ಬಲವಾದ ಹೈಪೋಕ್ಲೋರೈಟ್ ಆಗಿರುತ್ತದೆ. ನೀರಿನ ಕ್ಲೋರಿನ್ ಅಳತೆ ನೋಡಿ ನೆಮ್ಮದಿಯಾಗಿದ್ದದ್ದು ನನ್ನದೇ ದಡ್ಡತನ.

ಬ್ರಷ್‌ನಿಂದ ಉಜ್ಜಿ, ನೀರು ನಿಲ್ಲುತ್ತಿದ್ದ ಬಳಕೆಯಿಲ್ಲದ ಕವಲನ್ನು ತೆಗೆದುಹಾಕಿದೆವು. ಈಗ ಲೋಳೆ ಸಡಿಲಿಸುವ ರಾಸಾಯನಿಕದ ಜೊತೆಗೆ ಇಂಥ ಪಿಎಚ್‌ನಲ್ಲೂ ಚೆನ್ನಾಗಿ ಕೆಲಸಮಾಡುವ ಬ್ರೋಮಿನ್, ನಡುನಡುವೆ ಐಸೊಥಯಾಜೋಲಿನೋನ್ ಎಂಬ ಇನ್ನೊಂದು ಬ್ಯಾಕ್ಟೀರಿಯಾನಾಶಕ. ಮೂರು ತಿಂಗಳಿಂದ ಹೊಸ ತೂತಿಲ್ಲ. ಪರೀಕ್ಷೆಗೆಂದು ನೀರಿನಲ್ಲಿ ಇಳಿಬಿಟ್ಟಿರುವ ಉಕ್ಕಿನ ತುಂಡನ್ನು ಮುಂದಿನ ವಾರ ಹೊರತೆಗೆದು, ಎಷ್ಟು ಸವೆದಿದೆ ಎಂದು ತೂಗಿ ನೋಡುತ್ತೇವೆ.