ಧರೆ ಕಡಿದ ಜಾಗದಲ್ಲಿ ಗೋಡೌನ್ ನೆಲ

ಪ್ರಶ್ನೆ (ತೀರ್ಥಹಳ್ಳಿ ಕಡೆಯಿಂದ): ನಮಸ್ಕಾರ ಸರ್. ಅಡಿಕೆ ಸುಲಿಯುವ ಮೆಷಿನ್‌ಗೂ ಗೋಡೌನ್‌ಗೂ ಸೇರಿಸಿ 60x40 ಅಡಿ ಶೆಡ್ ಕಟ್ಟಿಸ್ತಾ ಇದ್ದೇವೆ. ಗುಡ್ಡದ ಬದಿಯ ಧರೆ ಕಡಿದು, ಅದೇ ಮಣ್ಣು ಮುಂದಕ್ಕೆ ತುಂಬಿಸಿ ಮಾಡಿದ ಜಾಗ. ಲೋಡ್ ಲಾರಿ ಒಳಗೇ ಬರಬೇಕು. 4 ಇಂಚು ಕಾಂಕ್ರೀಟ್ ಹಾಕಿ ಎಪಾಕ್ಸಿ (ನೆಲದ ಮೇಲೆ ಬಳಿಯುವ ಗಟ್ಟಿ ರಾಳದ ಲೇಪ) ಬಳಿದರೆ ಸಾಕು ಅಂತಾರೆ ಮೇಸ್ತ್ರಿ. ಸಾಕಾ?

ಉತ್ತರ: ಸಾಕಾಗಲ್ಲ. ಎಪಾಕ್ಸಿ ಮಾತು ಕೊನೆಗೆ ಇರಲಿ. ನಿಮ್ಮ ನೆಲ ಉಳಿಯೋದು, ಹಾಳಾಗೋದು ಕೆಳಗಿನ ಮಣ್ಣಿನ ಮೇಲೆ.

ಅರ್ಧ ಶೆಡ್ ಗಟ್ಟಿ ನೆಲದ ಮೇಲೆ, ಇನ್ನರ್ಧ ತುಂಬಿಸಿದ ಮಣ್ಣಿನ ಮೇಲೆ ಕೂತಿದೆ. ತುಂಬಿಸಿದ ಕಡೆ ಮಣ್ಣು ಇಳಿಯುತ್ತೆ, ಎರಡೂ ಸೇರುವ ಜಾಗದಲ್ಲೇ ಉದ್ದಕ್ಕೆ ಬಿರುಕು ಬರುತ್ತೆ. ಮಲೆನಾಡಿನ ಶೆಡ್‌ಗಳಲ್ಲಿ ನಾನು ಜಾಸ್ತಿ ನೋಡುವ ಬಿರುಕು ಇದೇ. 'ಒಂದು ಮಳೆಗಾಲ ಬಿಟ್ರೆ ಮಣ್ಣು ತಾನೇ ಕೂರುತ್ತೆ' ಅನ್ನೋದನ್ನ ದಯವಿಟ್ಟು ನಂಬಬೇಡಿ. ಬೇರು, ಕಪ್ಪು ಮೇಲ್ಮಣ್ಣು ಪೂರ್ತಿ ತೆಗೆಸಿ. ಮಣ್ಣನ್ನ 6ರಿಂದ 8 ಇಂಚಿನ ಪದರಗಳಾಗಿ ಹಾಕಿ, ಹದವಾಗಿ ನೀರು ಚಿಮುಕಿಸಿ, ಪ್ರತಿ ಪದರಕ್ಕೂ ರೋಲರ್ ಹೊಡೆಸಿ. ಕಡಿದ ಕಡೆಯೂ ಒಂದಡಿ ಸಡಿಲಿಸಿ ಮತ್ತೆ ರೋಲರ್ ಹೊಡೆಸಿದರೆ ಎರಡೂ ಕಡೆ ಸಮನಾಗುತ್ತೆ.

ಇನ್ನು ನೀರು. ಮಳೆಗಾಲದಲ್ಲಿ ಧರೆಯಿಂದ ಒಸರುವ ನೀರು ಶೆಡ್ ಅಡಿಗೇ ಬರುತ್ತೆ. ತೋಟಕ್ಕೆ ಬಸಿಗಾಲುವೆ ತೆಗೀತೀರಲ್ಲ, ಹಾಗೇ ಧರೆ ಬುಡದಲ್ಲಿ ಒಂದು ಆಳದ ಕಾಲುವೆ ಬೇಕು. ಅದು ಕಾಂಕ್ರೀಟ್ ಅಡಿಗೆ ಹಾಸುವ ಜಲ್ಲಿ ಪದರಕ್ಕಿಂತ ಕೆಳಗಿರಬೇಕು. ಜಲ್ಲಿ ಮೇಲೆ 250 ಮೈಕ್ರಾನ್ ಪಾಲಿಥಿನ್ ಹಾಳೆ ಹಾಸಿ. ಅದಿಲ್ಲದಿದ್ದರೆ ತೇವ ಮೇಲೆ ಬಂದು ಮೂಟೆಯ ಅಡಿಕೆಗೆ ಬೂಷ್ಟು ಹಿಡಿಯುತ್ತೆ.

ಲಾರಿ ಬರೋದಾದ್ರೆ 6 ಇಂಚು ದಪ್ಪ, ಎಂ30 (ಕಾಂಕ್ರೀಟ್ ಬಲದ ದರ್ಜೆ) ಕಾಂಕ್ರೀಟ್‌ಗಿಂತ ಕಡಿಮೆ ಬೇಡ. ಮಣ್ಣು ಪರೀಕ್ಷೆ ನೋಡಿ ದಪ್ಪ ಇನ್ನೂ ಹೆಚ್ಚಬಹುದು. 12ರಿಂದ 15 ಅಡಿಗೊಂದು ಜಾಯಿಂಟ್ (ಬಿರುಕು ಅಲ್ಲೇ ಬರಲಿ ಅಂತ ಕೊಯ್ಯುವ ಗೆರೆ) ಕೊಡಿ. ಕಟ್ಟರ್‌ನಲ್ಲಿ ಒಂದೂವರೆ ಇಂಚು ಆಳ, ಅದೇ ದಿನ ಅಥವಾ ಮರುದಿನ ಬೆಳಿಗ್ಗೆಯೊಳಗೆ ಕೊಯ್ಯಬೇಕು. ತಡವಾದರೆ ಕಾಂಕ್ರೀಟ್ ತನಗೆ ಬೇಕಾದ ಕಡೆ ಒಡೆಯುತ್ತೆ. ಕಂಬಗಳ ಸುತ್ತ ಸಂದು ಬಿಟ್ಟು, ನೆಲ ಕಂಬಕ್ಕೆ ಅಂಟದ ಹಾಗೆ ಮಾಡಿ. ಸಾರಣೆ ಸುಲಭವಾಗಲಿ ಅಂತ ನೀರು ಸೇರಿಸೋಕೆ, ಒಣ ಸಿಮೆಂಟ್ ಉದುರಿಸೋಕೆ ಬಿಡಲೇಬೇಡಿ. ಮೇಲ್ಪದರ ಹೊಟ್ಟಾಗಿ ಏಳುತ್ತೆ. ಪಿಪಿಸಿ (ಹಾರುಬೂದಿ ಬೆರೆಸಿದ) ಸಿಮೆಂಟ್ ಆದ್ರೆ 10 ದಿನ ಕ್ಯೂರಿಂಗ್ ಮಾಡಿಸಿ, ಅಂದ್ರೆ ಕಾಂಕ್ರೀಟ್ ಒದ್ದೆಯಾಗೇ ಇರಲಿ.

ಇಷ್ಟಾದ ಮೇಲೆ ನಿಮಗೆ ಎಪಾಕ್ಸಿ ಬೇಕಾಗಲಿಕ್ಕಿಲ್ಲ. ಆ ದುಡ್ಡನ್ನ ರೋಲರ್‌ಗೆ, ಕಾಲುವೆಗೆ ಹಾಕಿ.

ಪ್ರಶ್ನೆ (ಸಾಗರದಿಂದ): ನಮ್ಮದು ಹಳೇ ನೆಲ ಸರ್. ಜೂನ್ ಬಂದ್ರೆ ಒದ್ದೆ. ಎಪಾಕ್ಸಿ ಹೊಡೆಸಲಾ?

ಉತ್ತರ: ಮೊದಲು ಒಂದೂವರೆ ಅಡಿ ಚೌಕದ ಪಾಲಿಥಿನ್ ಹಾಳೆ ಇಟ್ಟು, ನಾಲ್ಕೂ ಅಂಚಿಗೆ ಟೇಪ್ ಅಂಟಿಸಿ. ಒಂದು ದಿನ ಬಿಟ್ಟು ನೋಡಿ. ಹಾಳೆ ಅಡಿಯಲ್ಲಿ ನೀರಿನ ಹನಿ ಕಂಡರೆ ತೇವ ಕೆಳಗಿನಿಂದ ಬರ್ತಿದೆ. ಅದರ ಮೇಲೆ ಸಾಮಾನ್ಯ ಎಪಾಕ್ಸಿ ಬಳಿದರೆ ಗುಳ್ಳೆ ಎದ್ದು ಕಿತ್ತು ಬರುತ್ತೆ. ಹನಿ ಹಾಳೆಯ ಮೇಲ್ಗಡೆ ಮಾತ್ರ ಇದ್ದರೆ ಅದು ಗಾಳಿಯ ತೇವ, ಗಾಳಿ ಆಡುವ ಹಾಗೆ ಮಾಡಿ. ಎರಡರಲ್ಲಿ ಯಾವುದೇ ಆಗಲಿ, ಮೂಟೆಗಳನ್ನ ಸದ್ಯಕ್ಕೆ ಮರದ ಹಲಗೆ ಮೇಲೆ, ಗೋಡೆಯಿಂದ ಒಂದಡಿ ದೂರ ಇಡಿ.